ಹನುಮವ್ವ ಟಿವಿಯಲ್ಲಿ ಅಂದ ಮಾತು

ಹನುಮವ್ವ ಪುರ್ತಗೇರಿಯಿಂದ ಗಜೇಂದ್ರಗಡದ ನೇಕಾರರ ಓಣಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಹೊಲದ ಕೆಲಸ ಮಾಡಿದ್ದಳೇ ಹೊರತು ಮಗ್ಗದ ಮುಂದೆ ಕುಳಿತವಳಲ್ಲ. ನೇಯುವುದನ್ನು ಅತ್ತೆ ಕಲಿಸಿದಳು. ಲಾಳಿಯೊಳಗೆ ಇಡುವ ಕಂಡಿಕಿಗೆ ನೂಲನ್ನು ಹರಿಯದ ಹಾಗೆ ಸುತ್ತುವುದನ್ನು ಕಲಿಸಿದವಳು ಹಿತ್ತಿಲಾಚೆಯ ಬಾನುಬಿ. ಬಾನುಬಿಯ ಗಂಡ ಲಾಡಸಾಬನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಅರಿವೆ ಅಂಗಡಿ. ಅಲ್ಲಿ ಮಷಿನ್ ಸೀರೆಯೂ ಸಿಗುತ್ತಿತ್ತು, ಹನುಮವ್ವ ನೇಯ್ದ ಪಟ್ಟೇದಂಚಿನ ಸೀರೆಯೂ ಸಿಗುತ್ತಿತ್ತು. ಎರಡು ಮನೆಗಳ ನಡುವಿನ ಹಿತ್ತಿಲ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಊಟವಾದ ಮೇಲೆ ಬಾನುಬಿ ಬಂದು ರಾಟಿಯ ಮುಂದೆ ಕೂತರೆ, ಇಬ್ಬರ ಮಾತಿನ ಮುಂದೆ ಲಾಳಿಯ ಸದ್ದೂ ಕೇಳುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಟಿವಿಯವರು ಬಂದರು. ಕೈಮಗ್ಗದ ಮೇಲೆ ಒಂದು ಕಾರ್ಯಕ್ರಮ ಮಾಡುತ್ತೇವೆ ಎಂದರು. ಸೊಸೆ ಭುವನೇಶ್ವರಿ ಲಗುಬಗೆಯಿಂದ ಚಹಾ ಮಾಡಿದಳು. ಹನುಮವ್ವ ಹೊಸ ಸೀರೆ ಉಟ್ಟು ಮಗ್ಗದ ಕುಣಿಗೆ ಇಳಿದಳು. ಗಂಡ ಗವಿಸಿದ್ದಪ್ಪ ಪಕ್ಕದ ಮಗ್ಗದಲ್ಲಿ ಸುಮ್ಮನೆ ನೇಯುತ್ತಿದ್ದ. ಮೈಕು ಹಿಡಿದ ಹುಡುಗನಿಗೆ ಅವಳು ಎಲ್ಲವನ್ನೂ ಹೇಳಿದಳು. ಅತ್ತೆ ಕೈ ಮೇಲೆ ಹೊಡೆದು ಕಲಿಸಿದ್ದು, ಅಂಚಿನ ಎಳೆ ತಪ್ಪಿದರೆ ಇಡೀ ದಿನ ಹಾಳಾಗುವುದು, ಬಾನುಬಿ ಸುತ್ತಿದ ಕಂಡಿಕಿ ಇದ್ದರೆ ಕೈ ತಾನೇ ಓಡುವುದು, ಎಲ್ಲ. ಆ ಹುಡುಗ ನಗುನಗುತ್ತಾ ಕೇಳಿದ. ನಡುವೆ ಒಮ್ಮೆ, "ಅಮ್ಮಾ, ಈ ಮಷಿನ್ ಸೀರೆ ಬಂದ ಮೇಲೆ ಹೇಗಿದೆ ನಿಮ್ಮ ಪರಿಸ್ಥಿತಿ?" ಎಂದ.

"ಅವು ಬಂದ ಮ್ಯಾಲೆ ನಮ್ಮ ಬಾಳೇವು ಹಾಳಾತ್ರಿ. ತುತ್ತಿನ ಮ್ಯಾಲೆ ಮಣ್ಣ ಬಿತ್ತು," ಎಂದಳು ಹನುಮವ್ವ.

ಹೊರಡುವಾಗ ಅವನು ಬಸ್ ಸ್ಟ್ಯಾಂಡಿಗೆ ಯಾವ ಕಡೆ ಹೋಗಬೇಕು ಎಂದು ಕೇಳಿದ. ಇವಳು ಬಾಗಿಲಲ್ಲಿ ನಿಂತು ಕೈ ಚಾಚಿ ತೋರಿಸಿದಳು. ಕ್ಯಾಮೆರಾ ಆಗಲೂ ಓಡುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಕಾರ್ಯಕ್ರಮ ಬಂದ ದಿನ ಓಣಿಯವರೆಲ್ಲ ಇವರ ಮನೆಯಲ್ಲೇ ಸೇರಿದ್ದರು. ಮೊದಲು ಢಂ ಢಂ ಎಂದು ಸಂಗೀತ ಬಂತು. ಪರದೆಯ ತುಂಬ ಕೆಂಪು ಅಕ್ಷರ. ಭುವನೇಶ್ವರಿ ಓದಿದಳು: "ನೇಕಾರರ ಅನ್ನ ಕಸಿದವರು ಯಾರು?" ಆಮೇಲೆ ಹನುಮವ್ವನ ಮುಖ, ಬರೀ ಮುಖ. ಬಾಳೇವು ಹಾಳಾಯಿತು ಎಂದಳು, ಮಣ್ಣು ಬಿತ್ತು ಎಂದಳು. ಕೆಳಗೆ ಅದೇ ಮಾತನ್ನು ಬರೆದಿದ್ದರು: "ಅವರು ಬಂದ ಮೇಲೆ ನಮ್ಮ ಬಾಳು ಹಾಳಾಯಿತು." ಆಮೇಲೆ ಅವಳ ಚಾಚಿದ ಕೈ. ಕೈಯ ಬೆನ್ನಿಗೇ ಲಾಡಸಾಬನ ಅಂಗಡಿ, ಅವನ ಹೆಸರಿನ ಬೋರ್ಡಿನ ಸುತ್ತ ಒಂದು ಕೆಂಪು ವರ್ತುಲ. ಟಿವಿಯವರು ಅವನ ಮೇಲೆ ಏನನ್ನೂ ಹೊರಿಸಲಿಲ್ಲ. ಬರೀ ಕೇಳುತ್ತಾ ಹೋದರು: ಇದರ ಹಿಂದೆ ಯಾರಿದ್ದಾರೆ? ಇದು ಯೋಜಿತವೇ? ನೇಕಾರರ ಕಣ್ಣೀರಿಗೆ ಉತ್ತರ ಯಾರು ಕೊಡುತ್ತಾರೆ?

ಅದು ಮುಗಿದ ಮೇಲೆ ಓಣಿಯ ಒಬ್ಬ ಮುದುಕ, "ಭಾಳ ಧೈರ್ಯದಾಕಿ ಬಿಡವಾ," ಎಂದು ಎದ್ದುಹೋದ.

"ನಾ ಹಿಂಗ ಅಂದಿಲ್ಲಲ್ಲ," ಎಂದಳು ಹನುಮವ್ವ.

"ಅಂದೀರಿ ಅತ್ತೀ, ನಿಮ್ಮ ಬಾಯೇ ಐತಲ್ಲ," ಎಂದಳು ಭುವನೇಶ್ವರಿ. ಸೊಸೆಯ ದನಿಯಲ್ಲೂ ಅನುಮಾನವಿತ್ತು.

ಆ ವಾರವೆಲ್ಲ ಅದನ್ನೇ ತಿರುಗಿ ತಿರುಗಿ ತೋರಿಸಿದರು. ಊರಿನವರ ಮೊಬೈಲುಗಳಲ್ಲಿ ಅದರ ಒಂದು ತುಣುಕು ಓಡಾಡಿತು. ಸಂತೆಗೆ ಹೋದರೆ ಗುರುತಿಲ್ಲದವರು ಕೈಮುಗಿದು, "ಖರೇ ಹೇಳಿದ್ರಿ ಅವ್ವಾರ," ಎನ್ನುತ್ತಿದ್ದರು. ಕಾಯಿಪಲ್ಲೆ ಮಾರುವವಳು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದಳು. ಹನುಮವ್ವನಿಗೆ ಸಂತೋಷವೂ ಆಯಿತು. ಸಂತೋಷವಾಯಿತಲ್ಲ ಎಂದು ಹೆದರಿಕೆಯೂ ಆಯಿತು.

ಬಾನುಬಿ ಬರುವುದನ್ನು ಬಿಟ್ಟಳು. ಹಿತ್ತಿಲ ಬಾಗಿಲಿಗೆ ಆಚೆಯಿಂದ ಚಿಲಕ ಬಿತ್ತು. ಒಂದು ಸಂಜೆ ಲಾಡಸಾಬನೇ ಮುಂಬಾಗಿಲಿಗೆ ಬಂದ. ಕೈಯಲ್ಲಿ ಅವಳದೇ ಸೀರೆಗಳ ಗಂಟು.

"ಹನುಮಕ್ಕಾ, ಇವನ್ನ ಬ್ಯಾರೆ ಅಂಗಡಿಗೆ ಹಾಕ್ರಿ. ನನ್ನ ಹತ್ರ ಇದ್ರ ಯಾರೂ ತಗೊಳ್ಳಂಗಿಲ್ಲ."

"ಲಾಡಸಾಬಣ್ಣ, ನಾ ಮಷಿನ್ ಸೀರಿ ಬಗ್ಗೆ ಅಂದದ್ದಪಾ. 'ಅವು' ಅಂದೀನಿ."

"ಅಂಗಡಿಗೆ ಬಂದವರು ನನ್ನ ಮುಂದನ ಮೊಬೈಲ್ ಹಿಡದ್ರಕ್ಕಾ. ನಾನೂ ಕೇಳಿದೆ. 'ಅವ್ರು' ಅಂತ ಕೇಳಿಸ್ತು ನನಗ." ಸಿಟ್ಟಿನಲ್ಲಿ ಹೇಳಿರಲಿಲ್ಲ ಅವನು. ಅದೇ ಅವಳಿಗೆ ತಡೆಯಲಾಗದೆ ಹೋಯಿತು.

ಅವನು ಹೋದ ಮೇಲೆ ಗಂಡನನ್ನು ಕೇಳಿದಳು. "ನೀವು ಅಲ್ಲೇ ಇದ್ರಲ್ಲ. ನಾ ಏನಂದೆ ಹೇಳ್ರಿ."

ಗವಿಸಿದ್ದಪ್ಪ ಲಾಳಿ ನಿಲ್ಲಿಸಿದ. "ಮೊದಲ ನೆನಪಿತ್ತು. ಈಗ ಟಿವಿಯಾಗ ಕೇಳಿದ್ದಷ್ಟ ನೆನಪಾಕ್ಕತಿ."

ಹನುಮವ್ವನಿಗೂ ಹಾಗೆಯೇ ಆಗತೊಡಗಿತ್ತು. ಕಣ್ಣು ಮುಚ್ಚಿ ಆ ದಿನವನ್ನು ನೆನೆದರೆ ಆ ಹುಡುಗನ ಪ್ರಶ್ನೆ ಕೇಳಿಸುತ್ತಿರಲಿಲ್ಲ, ಢಂ ಢಂ ಸಂಗೀತ ಕೇಳಿಸುತ್ತಿತ್ತು. ಲಾಡಸಾಬ ಮಷಿನ್ ಸೀರೆ ಮಾರುತ್ತಾನೆ, ಅದು ಸುಳ್ಳಲ್ಲ. ಅವು ಬಂದ ಮೇಲೆ ತನಗೆ ಕೆಲಸ ಕಡಿಮೆಯಾದದ್ದೂ ಸುಳ್ಳಲ್ಲ. ಹಾಗಾದರೆ ತನ್ನ ಮನಸ್ಸಿನಲ್ಲೇ ಅದು ಎಲ್ಲೋ ಇತ್ತೇ? ಟಿವಿಯವರು ಅದನ್ನು ಹೊರಗೆ ತೆಗೆದರೋ, ಇಲ್ಲ ಒಳಗೆ ಹಾಕಿದರೋ? ಊಟದ ಮುಂದೆ ಕೂತರೂ ಇದೇ ಯೋಚನೆ. ಅನ್ನ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಚಾನೆಲ್ಲಿನವರು ಬಂದರು. ಈ ಸಲ ಮೈಕು ಹಿಡಿದವಳು ಒಬ್ಬ ಹೆಣ್ಣುಮಗಳು. "ಅವರು ನಿಮ್ಮ ಮಾತನ್ನು ತಿರುಚಿದ್ದಾರೆ ಅಮ್ಮಾ. ನಮ್ಮಲ್ಲಿ ಸತ್ಯ ಹೇಳಿ," ಎಂದಳು. ಹನುಮವ್ವನಿಗೆ ಹೋದ ಜೀವ ಬಂದಂತಾಯಿತು. ಹಿತ್ತಿಲಿಗೆ ಓಡಿ ಚಿಲಕ ಬಿದ್ದ ಬಾಗಿಲನ್ನು ಬಡಿದಳು.

"ಬಾನೂ, ಒಂದ ಸಲ ಬಾ. ನಾ ಹೇಳೋದನ್ನ ನಿನ್ನ ಕಿವಿಲೇ ಕೇಳು. ಆಮ್ಯಾಲೆ ಬ್ಯಾಡಂದ್ರ ಬರಬ್ಯಾಡ."

ಬಹಳ ಹೊತ್ತಿಗೆ ಚಿಲಕ ಸರಿಯಿತು. ಬಾನುಬಿ ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು.

ಕ್ಯಾಮೆರಾದವರು ದೊಡ್ಡ ದೀಪ ಹಚ್ಚಿದರು. ಸಣ್ಣ ಕೋಣೆ, ಉರಿ ಬಿಸಿಲಿನ ಹೊತ್ತು. ಹನುಮವ್ವ ಮಾತು ಶುರುಮಾಡುವ ಮೊದಲೇ ಹೆಣ್ಣುಮಗಳು ಕೇಳಿದಳು, "ಆ ಚಾನೆಲ್ಲಿನವರು ನಿಮ್ಮನ್ನು ಹೆದರಿಸಿದರಾ?"

"ಇಲ್ರಿ, ಯಾರೂ ಹೆದರಿಸಿಲ್ಲ."

"ಅವರ ಹಿಂದೆ ಯಾರಿದ್ದಾರೆ? ಈಗಲೂ ಹೆದರಿಕೆ ಇದೆಯಾ? ಯಾರ ಹೆಸರು ಹೇಳಲು ಹೆದರುತ್ತಿದ್ದೀರಿ?"

ಹನುಮವ್ವ ಬಾಯಿ ತೆರೆದಳು. "ಅವು" ಎನ್ನಬೇಕು ಎಂದುಕೊಂಡಳು. ಆದರೆ ಆ ಪದವನ್ನು ಕತ್ತರಿಸಿ ಎಲ್ಲಿಗೆ ಜೋಡಿಸುತ್ತಾರೋ? ಇಲ್ಲ ಎಂದರೆ ಯಾವ ಪ್ರಶ್ನೆಗೆ ಇಲ್ಲ ಎಂದು ತೋರಿಸುತ್ತಾರೋ? ಬಸ್ ಸ್ಟ್ಯಾಂಡಿನ ದಾರಿ ತೋರಿಸಲು ಚಾಚಿದ ಕೈಯನ್ನೇ ಬಿಟ್ಟಿರಲಿಲ್ಲ ಮೊದಲಿನವರು. ಹುಟ್ಟಿದಾಗಿನಿಂದ ಮಾತಿಗೆ ತಡವರಿಸದವಳು ಮೊದಲ ಸಲ ಬಾಯಿ ಮುಚ್ಚಿ ಕೂತಳು. ದೀಪದ ಕಾವಿಗೆ ಹಣೆಯಿಂದ ಬೆವರು ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಅದು ಬಂತು. ಢಂ ಢಂ ಇರಲಿಲ್ಲ, ಈ ಸಲ ಕೊಳಲು. ಸೆರಗು ನಿಧಾನವಾಗಿ, ಬಹಳ ನಿಧಾನವಾಗಿ ಮುಖಕ್ಕೆ ಏರಿತು. ಭುವನೇಶ್ವರಿ ಓದಿದಳು: "ಕಣ್ಣೀರಿಟ್ಟ ನೇಕಾರ್ತಿ. ಬಾಯಿ ಬಿಡಲೂ ಭಯ!"

ಹನುಮವ್ವ ಟಿವಿಯನ್ನೇ ನೋಡುತ್ತಾ ಕಣ್ಣು ಮುಟ್ಟಿಕೊಂಡಳು. ನಿನ್ನೆ ತಾನು ಅತ್ತದ್ದು ಹೌದೇ?

ಆಗಲೇ ಹಿತ್ತಿಲ ಬಾಗಿಲು ದಡಾರನೆ ತೆರೆಯಿತು. ಬಾನುಬಿ. ಮುಸುರೆ ತಿಕ್ಕುತ್ತಿದ್ದವಳು ತನ್ನ ಮನೆಯ ಟಿವಿಯಲ್ಲಿ ಇದನ್ನು ಕಂಡು ಹಾಗೆಯೇ ಓಡಿ ಬಂದಿದ್ದಳು, ಕೈಗೆ ಬೂದಿ ಮೆತ್ತಿತ್ತು.

"ಹನುಮಕ್ಕಾ, ನೀ ಅಳಲಿಲ್ಲ! ನಾ ಅಲ್ಲೇ ನಿಂತಿದ್ದೆ, ನೀ ಬೆವರು ಒರಸ್ಕೊಂಡಿ! ಹೌದಲ್ಲ?"

"ಹೌದೇನ ಬಾನೂ? ನನಗ ಗೊತ್ತಾಗವಲ್ದು."

"ಹೌದ ಅಂತೀನಲ್ಲ! ನನ್ನ ಕಣ್ಣಿಲೇ ನೋಡೀನಿ," ಎಂದಳು ಬಾನುಬಿ. ಎಂದವಳೇ ಟಿವಿಯ ಕಡೆ ತಿರುಗಿ ಮತ್ತೊಮ್ಮೆ ನೋಡಿದಳು. ಕೊಳಲಿನ ನಡುವೆ ಸೆರಗು ಮತ್ತೆ ಏರುತ್ತಿತ್ತು. "ಏನವಾ ಇದು, ಇಲ್ಲಿ ನೋಡಿದ್ರ ಅತ್ತಂಗ ಕಾಣ್ತೈತಿ," ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ಕೂತಲ್ಲೇ ಅವಳಿಗೆ ನಗು ಬಂತು. ಆ ನಗುವನ್ನು ಕೇಳಿ ಹನುಮವ್ವನಿಗೆ ನಿಜವಾಗಿಯೂ ಅಳು ಬಂತು.

ಆಮೇಲೆ ಚಿಲಕ ಬೀಳಲಿಲ್ಲ. ಲಾಡಸಾಬ ಸೀರೆಗಳನ್ನು ಮತ್ತೆ ಒಯ್ದ, ಆದರೆ ಒಳಗಿನ ಕಪಾಟಿನಲ್ಲಿಟ್ಟ. ಕೇಳಿದವರಿಗೆ ಮಾತ್ರ ತೆಗೆದು ತೋರಿಸುತ್ತಾನೆ. ಅವನ ಅಂಗಡಿಯ ಮುಂದೆ ಈಗಲೂ ಕೆಲವರು ಬೋರ್ಡು ನೋಡಿ ದಾಟಿ ಹೋಗುತ್ತಾರೆ. ಸಂತೆಯಲ್ಲಿ ಕೆಲವರು ಹನುಮವ್ವನಿಗೆ ಧೈರ್ಯದಾಕಿ ಎನ್ನುತ್ತಾರೆ, ಕೆಲವರು ಪಾಪ ಎನ್ನುತ್ತಾರೆ. ಎರಡಕ್ಕೂ ಅವಳು ತಲೆ ತಗ್ಗಿಸಿ ಮುಂದೆ ಹೋಗುತ್ತಾಳೆ.

ಮೊನ್ನೆ ಬಾನುಬಿ ರಾಟಿ ತಿರುಗಿಸುತ್ತಾ ಕೇಳಿದಳು, "ಸಿಟ್ಟಿಲ್ಲ, ಸುಮ್ಮನ ಕೇಳ್ತೀನಿ. ಅವತ್ತ ಖರೇ ಏನಂದಿ?"

"ಅವು ಅಂದಿರಬೇಕು ಬಾನೂ."

"ಈಗ ಅನ್ನು, ಕೇಳೋಣ."

ಹನುಮವ್ವ ಮಗ್ಗ ನಡೆಸುತ್ತಲೇ ಆ ಮಾತನ್ನು ಮತ್ತೆ ಅಂದಳು. ಖಟ್ ಖಟ್ ಎಂಬ ಸದ್ದಿನಲ್ಲಿ ಬಾನುಬಿ ಕಿವಿಗೊಟ್ಟು ಕೇಳಿದಳು.

"ಇನ್ನೊಂದ ಸಲ ಅನ್ನು," ಎಂದಳು.