ಗಂಧ ಒಣಗಿದ ಕಲಕುಯಂತ್ರ

೧೯೩೬ರಲ್ಲಿ ನಮ್ಮವರು ಮದ್ದೂರಿನ ಒಂದು ಸಣ್ಣ ಖಾಸಗಿ ಲ್ಯಾಬೊರೇಟರಿಯಲ್ಲಿ ಕೆಮಿಸ್ಟ್ ಆಗಿದ್ದರು. ಕಬ್ಬಿನ ರಸಕ್ಕೆ ಸುಣ್ಣದ ನೀರು ಬೆರೆಸಿ, ಅದು ಎಷ್ಟು ತಿಳಿಯಾಗುತ್ತದೆಂದು ನೋಡುವುದು ಅಲ್ಲಿನ ಕೆಲಸ. ನನ್ನದು ಮನೆಗೆಲಸವೇ. ಆದರೆ ಕಾನ್ವೆಂಟಿನಲ್ಲಿ ಓದಿದ್ದೆನಾದ್ದರಿಂದ ಲ್ಯಾಬಿನ ಇಂಗ್ಲಿಷ್ ಪತ್ರಗಳನ್ನು ವಾರಕ್ಕೆರಡು ದಿನ ಹೋಗಿ ಬರೆದುಕೊಡುತ್ತಿದ್ದೆ.

ಆ ವರ್ಷ ನಮ್ಮವರು ಹಟ ಹಿಡಿದು ಒಂದು ಕಲಕುಯಂತ್ರ ತರಿಸಿದ್ದರು. ಮೇಲೆ ಕರೆಂಟಿನ ಮೋಟಾರು, ಅದರಡಿ ಸಲಾಕೆ ಕಚ್ಚಿ ಹಿಡಿಯುವ ‘ಚಕ್’ ಎಂಬ ಹಿಡಿಕೆ, ಹಿಡಿಕೆಯಲ್ಲಿ ಒಂದಡಿ ಉದ್ದದ ತೆಳ್ಳನೆಯ ಉಕ್ಕಿನ ಶಾಫ್ಟು, ಶಾಫ್ಟಿನ ತುದಿಯಲ್ಲಿ ರಸ ಕಲಕುವ ರೆಕ್ಕೆ, ಅಂದರೆ ಇಂಪೆಲ್ಲರ್. ದಸರೆಯವರೆಗೆ ಚೆನ್ನಾಗಿಯೇ ತಿರುಗಿತು. ಹಬ್ಬದ ರಜೆ ಮುಗಿಸಿ ಮೋಟಾರು ಹಾಕಿದರೆ, ತುದಿ ಕಾಲಂಗುಲದಷ್ಟು ಓಲಾಡಿ ಗಾಜಿನ ಬೀಕರಿಗೆ ಬಡಿಯಿತು. ಮೂರು ದಿನದಲ್ಲಿ ಐದು ಬೀಕರು ಒಡೆದವು.

ಲ್ಯಾಬಿನ ಮಾಲೀಕರು ಬಂದು ನೋಡಿ, “ಶನಿವಾರದೊಳಗೆ ಇದು ನೆಟ್ಟಗೆ ತಿರುಗಬೇಕು. ಇಲ್ಲಾಂದ್ರೆ ಮಿಷನ್ನೂ ವಾಪಸ್ಸು, ತರಿಸಿದವರೂ ವಾಪಸ್ಸು” ಎಂದರು. ನಮ್ಮವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನನಗೆ ಲ್ಯಾಬಿನಿಂದ ಕರೆ ಬಂತು. ತಯಾರಕರಿಗೆ ದೂರು ಬರೆಯಬೇಕಿತ್ತು.

“ಇಂಪೆಲ್ಲರ್ ದೋಷ ಅಂತ ಬರಿ” ಎಂದರು ನಮ್ಮವರು. ಮೂರು ದಿನದಿಂದ ಅದರ ಸ್ಕ್ರೂ ಬಿಚ್ಚಿ ಬಿಗಿದು ಅವರ ಬೆರಳಿನ ಸಿಪ್ಪೆ ಎದ್ದಿತ್ತು.

ಕಾಣದ್ದನ್ನು ಹೇಗೆ ಬರೆಯಲಿ? “ಒಂದ್ಸಲ ಕೈಯಲ್ಲಿ ನಿಧಾನ ತಿರುಗ್ಸಿ, ನೋಡ್ತೀನಿ” ಎಂದೆ. ತುದಿಯಿಂದ ಮೇಲಕ್ಕೆ ಕಣ್ಣಾಡಿಸುತ್ತ ಹೋದೆ. ಚಕ್ಕಿನ ಬಾಯಲ್ಲಿ, ಒಂದೇ ಮಗ್ಗುಲಿಗೆ, ಎಳೆಯಷ್ಟು ಕೆಂಪು!

“ಇದೇನು, ತುಕ್ಕೇ?”

ಜವಾನ ಬೋರಯ್ಯ ಬಗ್ಗಿ ನೋಡಿದ. ಆತಗೂರಿನ ಕಡೆಯವನು, ಗಾಡಿ ಮಾಡುವವರ ಮನೆತನ. “ತುಕ್ಕಲ್ಲ ಕಣ್ರವ್ವ, ನಾನು ಅಚ್ಚಿದ್ ಕುಂಕ್ಮ. ಆಯುಧಪೂಜೆಗೆ ಸಲಾಕೆ ಬಿಚ್ಚಿ ತೊಳ್ದು, ತಲೆಗೆ ಗಂಧ ಕುಂಕ್ಮ ಇಟ್ಟು ಅಂಗೇ ಸಿಗ್ಸಿದ್ದೆ. ಒಳ್ಳೇದಾಗ್ಲಿ ಅಂತ!”

ನಮ್ಮವರು ಶಾಫ್ಟು ಹೊರಗೆಳೆದರು. ಗಂಧ ಒಂದು ಬದಿಗೆ ಒಣಗಿ, ಕಾಗದದ ಪದರದಂತೆ ಕಲ್ಲಾಗಿ ಕೂತಿತ್ತು. ಅದರ ದಪ್ಪಕ್ಕೆ ಶಾಫ್ಟು ಮೇಲೆ ಅಷ್ಟು ವಾಲಿದರೆ ಒಂದಡಿ ಕೆಳಗೆ ಕಾಲಂಗುಲ ಓಲಾಡದೆ ಇದ್ದೀತೆ!

“ಒಳ್ಳೇದಾಯ್ತು ಬಿಡಪ್ಪ! ನೋವು ತಲೇಲಿತ್ತು, ನಾನು ಕಾಲಿಗೆ ಮುಲಾಮು ಹಚ್ತಿದ್ದೆ” ಎಂದು ನಮ್ಮವರು ನಕ್ಕೇಬಿಟ್ಟರು.

ಗಂಧ ಕೆರೆದು, ಒರೆಸಿ, ಶಾಫ್ಟು ಸಿಗಿಸಿದೆವು. ಓಲಾಟ ಮುಕ್ಕಾಲು ಪಾಲು ನಿಂತಿತು. ಉಳಿದದ್ದು ಯಾಕೆ? ಬೀಕರಿಗೆ ಬಡಿದು ಬಡಿದು ಶಾಫ್ಟೇ ಸ್ವಲ್ಪ ಸೊಟ್ಟಗಾಗಿತ್ತು. ಯಾವ ಕಡೆಗೆ ಎಂಬುದು ಕಣ್ಣಿಗೆ ಹತ್ತಲಿಲ್ಲ.

“ಒಸಿ ಸೀಮೆಸುಣ್ಣ ಕೊಡಿ” ಎಂದ ಬೋರಯ್ಯ. ಗಾಡಿಯ ಚಕ್ರ ನೋಡುವ ರೀತಿಯಲ್ಲೇ ಸುಣ್ಣದ ಕಡ್ಡಿಯನ್ನು ಅಲುಗಾಡದಂತೆ ಹಿಡಿದು, “ಮೆಲ್ಲಗೆ ತಿರುಗ್ಸಿ ಬುದ್ಧಿ, ಉಬ್ಬಿದ ಮಗ್ಗುಲು ತಾನೇ ಸುಣ್ಣ ಬಳ್ಕೊತದೆ” ಎಂದ. ಹೌದು, ಒಂದೇ ಕಡೆ ಬಿಳಿಯ ಗೆರೆ ಬಿತ್ತು! ಶಾಫ್ಟಿನ ಎರಡು ತುದಿಯನ್ನೂ ಮರದ ತುಂಡುಗಳ ಮೇಲಿಟ್ಟು, ಗೆರೆಯಿದ್ದ ಕಡೆ ಮೇಲಿನಿಂದ ಒತ್ತಿದರು. ಮತ್ತೆ ಸುಣ್ಣ, ಮತ್ತೆ ಒತ್ತು. ನಾಲ್ಕನೆಯ ಸಲಕ್ಕೆ ಗೆರೆ ಸುತ್ತಲೂ ಸಮನಾಗಿ ಬಂತು. ನಾನು ಚಪ್ಪಾಳೆ ತಟ್ಟಿದ್ದು ಹೊರಗಿನ ರಸ್ತೆಗೂ ಕೇಳಿಸಿರಬೇಕು.

ಶನಿವಾರ ಮಾಲೀಕರ ಮುಂದೆ ಮೋಟಾರು ಹಾಕಿದರು. ರಸದ ನಟ್ಟನಡುವೆ ದುಂಡನೆಯ ಸುಳಿ ಬಿತ್ತು, ಬೀಕರು ಮಿಸುಕಲಿಲ್ಲ.

“ಯಾರು ಸರಿ ಮಾಡಿದ್ದು?”

ನಮ್ಮವರು ತಡವರಿಸಲಿಲ್ಲ. “ತಪ್ಪು ಕಂಡಿದ್ದು ನಮ್ಮ ಮನೆಯವರು, ಸೊಟ್ಟ ಹಿಡಿದಿದ್ದು ಬೋರಯ್ಯ. ನಾನು ತಪ್ಪು ಜಾಗದಲ್ಲಿ ಮೂರು ದಿನ ಸ್ಕ್ರೂ ತಿರುಗಿಸಿದೆ.”

ಮಾಲೀಕರು ಸುಳಿಯನ್ನೇ ನೋಡುತ್ತ, “ಇಷ್ಟು ನಿಜ ಹೇಳೋರು ಬರೆದ ಲೆಕ್ಕ ನಂಬಬಹುದು. ಸೋಮವಾರ ಖಾಯಂ ಕಾಗದಕ್ಕೆ ಸಹಿ ಹಾಕ್ತೀನಿ” ಎಂದರು.

ಬಡಿಯುವುದು ಕೆಳಗಾದರೂ ಮೊದಲು ನೋಡಬೇಕಾದ್ದು ಹಿಡಿದಿರುವ ಜಾಗವನ್ನು. ಆ ಕೆಲಸ ನನಗೆ ಕಲಿಸಿದ್ದು ಇದನ್ನೇ.