ಲೈಟ್ ಹೊಡೆದು ದಾರಿ ಬಿಟ್ಟಾಕೆ

ದುಬೈಗೆ ಬಂದ ಹೊಸದರಲ್ಲಿ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇಂಟರ್‌ನ್ಯಾಷನಲ್ ಸಿಟಿಯ ಮನೆಯಿಂದ ಸಿಲಿಕಾನ್ ಓಯಸಿಸ್‌ನ ಆಫೀಸಿಗೆ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋಗುತ್ತಿದ್ದೆ. ಆಕೆ ಜಪಾನಿನವರು, ನನಗಿಂತ ಸಾಕಷ್ಟು ಹಿರಿಯರು. ಅವರ ದಾರಿಯೂ ಅದೇ ಆದ್ದರಿಂದ ತಾವಾಗಿಯೇ ಕರೆದಿದ್ದರು.

ಸಂಜೆ ಮರಳುವಾಗ ಸಿಗ್ನಲ್‌ನಲ್ಲಿ ನಿಂತರೆ ಅವರು ಹೆಡ್‌ಲೈಟ್ ಆರಿಸಿ ಬರೀ ಸಣ್ಣ ದೀಪ ಉಳಿಸುತ್ತಿದ್ದರು. ಹಸಿರು ಬಿದ್ದಾಗ ಮತ್ತೆ ಹಾಕುತ್ತಿದ್ದರು. ಏಕೆಂದು ಕೇಳಿದ್ದಕ್ಕೆ, "ಎದುರಿನವರ ಕಣ್ಣಿಗೆ ಚುಚ್ಚಬಾರದಲ್ಲ. ನಮ್ಮ ಅಪ್ಪ ಹೀಗೆ ಮಾಡುತ್ತಿದ್ದರು. ಈಗ ನಮ್ಮಲ್ಲೂ ಕಡಿಮೆಯಾಗಿದೆ" ಎಂದರು.

ನಾನು ಇದನ್ನು ಮನೆಯಲ್ಲಿ ಹೇಳಿದೆ. ಅಬುಧಾಬಿಗೆ ದಿನಾ ಕೆಲಸಕ್ಕೆ ಹೋಗಿಬರುವ ನನ್ನ ಗಂಡ ಹುಬ್ಬಳ್ಳಿಯವರು. ಹೆದ್ದಾರಿಯಲ್ಲಿ ಹಿಂದಿನಿಂದ ಲೈಟ್ ಹೊಡೆಸಿಕೊಂಡು ಬೇಸತ್ತವರು. "ಇಲ್ಲೆ ಲೈಟ್ ಹೊಡದ್ರ ಒಂದ ಅರ್ಥ ನೋಡು. ಬಾಜೂಕ ಸರಿ, ನಾ ಬರಾಕತ್ತೀನಿ, ಅಷ್ಟ" ಎಂದರು.

ಒಂದು ಬೆಳಿಗ್ಗೆ ನಮ್ಮ ಬಡಾವಣೆಯೊಳಗೇ ರಸ್ತೆ ಕಿಕ್ಕಿರಿದಿತ್ತು. ಪಕ್ಕದ ಓಣಿಯಿಂದ ಬ್ರೆಡ್ ಸಾಗಿಸುವ ವ್ಯಾನೊಂದು ಹೊರಗೆ ಬರಲು ಕಾಯುತ್ತಿತ್ತು. ನನ್ನ ಸಹೋದ್ಯೋಗಿ ಕಾರು ನಿಲ್ಲಿಸಿ ಅದರತ್ತ ಎರಡು ಸಲ ಲೈಟ್ ಹೊಡೆದರು. ಮೆಲ್ಲಗೆ ಮುಂದಕ್ಕೆ ಜರುಗತೊಡಗಿದ್ದ ವ್ಯಾನ್ ಗಕ್ಕನೆ ನಿಂತಿತು. ಇವರು ಮತ್ತೆ ಹೊಡೆದರು. ವ್ಯಾನ್ ಸ್ವಲ್ಪ ಹಿಂದಕ್ಕೇ ಸರಿಯಿತು. ನಮ್ಮ ಹಿಂದೆ ಹಾರ್ನ್ ಶುರುವಾಯಿತು. ಏನೂ ತೋಚದೆ ಅವರು ಓಣಿ ದಾಟಿ ಕಾರನ್ನು ಅಂಚಿಗೆ ನಿಲ್ಲಿಸಿದರು. ವ್ಯಾನೂ ಬಂದು ನಮ್ಮ ಹಿಂದೆಯೇ ನಿಂತಿತು.

ಇಳಿದು ಬಂದ ಚಾಲಕ ನಡುವಯಸ್ಸಿನವರು. "ಮೇಡಂ, ಕ್ಯಾ ಹುವಾ?" ಎಂದು ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ "ಇರ್ರಿ, ಹೇಳ್ತೀನಿ" ಎಂದು ಕನ್ನಡವೇ ಬಂತು.

"ಕನ್ನಡದವರಾ ನೀವು?" ಅವರ ಮಾತು ಕರಾವಳಿಯದು. "ಹಾಗಾದ್ರೆ ಇವರಿಗೆ ಸ್ವಲ್ಪ ಹೇಳಿ ಮಾರಾಯ್ರೇ. ನಾನು ಅಡ್ಡ ಬರ್ಲಿಲ್ಲ, ನಿಂತೇ ಇದ್ದೆ. ಮತ್ತೆ ಮತ್ತೆ ಯಾಕೆ ಲೈಟ್ ಹೊಡೆದದ್ದು? ವ್ಯಾನಿನ ಹಿಂದೆ ಕಂಪನಿಯ ನಂಬರ್ ಉಂಟು. ಕಂಪ್ಲೇಂಟ್ ಕೊಡ್ತಾರಾ?"

ನಾನು ಸಹೋದ್ಯೋಗಿಯನ್ನು ಕೇಳಿ, ಅವರು ಹೇಳಿದ್ದನ್ನೇ ಹೇಳಿದೆ. "ಕಂಪ್ಲೇಂಟ್ ಅಲ್ಲರಿ. ಅವರ ದೇಶದಾಗ ಹಂಗ ಲೈಟ್ ಹೊಡದ್ರ, ನೀವು ಮೊದಲು ಹೋಗ್ರಿ ಅಂತ ಅರ್ಥ ಅಂತ."

ಚಾಲಕ ನನ್ನನ್ನೂ ಆಕೆಯನ್ನೂ ನೋಡಿದರು. "ದಾರಿ ಬಿಟ್ಟದ್ದಾ? ಬೈದದ್ದು ಅಂತ ನಾನು ಗ್ರಹಿಸಿದೆ" ಎಂದು ನಕ್ಕು, ಆಕೆಗೆ "ಥ್ಯಾಂಕ್ಯೂ ಮೇಡಂ" ಎಂದು ಹೇಳಿ ಅವಸರದಲ್ಲಿ ಹೊರಟರು.

ಆಕೆ ಕಾರು ಚಾಲೂ ಮಾಡಲಿಲ್ಲ. "ಅವರಿಗೆ ಸಿಟ್ಟು ಬಂದಿತ್ತೇ?" ಎಂದು ಕೇಳಿದರು. ಸಿಟ್ಟಲ್ಲ, ಹೆದರಿದ್ದರು ಎಂದೆ. ಸುಳ್ಳು ಹೇಳಬಹುದಿತ್ತು ಎಂದು ಆಮೇಲೆ ಅನಿಸಿತು. ಆಫೀಸಿನ ಬಳಿ ಇಳಿಯುವಾಗ, "ಹಾಗಾದರೆ ಇಲ್ಲಿ ಅದನ್ನು ಹೇಳುವುದು ಹೇಗೆ?" ಎಂದರು. ಗಂಡನನ್ನು ಕೇಳಿ ಹೇಳುತ್ತೇನೆ ಎಂದೆ.

ಮನೆಯಲ್ಲಿ ಕೇಳಿದಾಗ ಗಂಡ ನಗಲಿಲ್ಲ. ಸ್ವಲ್ಪ ಯೋಚಿಸಿ, "ನಿಂತು ಕೈ ತೋರಿಸ್ಬೇಕು. ಯಾರೂ ಅಪಾರ್ಥ ಮಾಡ್ಕೊಳ್ಳಂಗಿಲ್ಲ" ಎಂದರು.

ಆಕೆ ಅದನ್ನು ಕಲಿತರು. ಬರೀ ಕೈ ಬೀಸುವುದು ಒರಟೆನಿಸಿ ಜೊತೆಗೆ ತಲೆಯನ್ನೂ ತುಸು ಬಾಗಿಸುತ್ತಿದ್ದರು. ಎದುರಿನವರಲ್ಲಿ ಕೆಲವರು ತಾವೂ ತಲೆ ಬಾಗಿಸುತ್ತಿದ್ದರು, ಒಬ್ಬ ಟ್ಯಾಕ್ಸಿಯವನು ಎದೆಯ ಮೇಲೆ ಕೈಯಿಟ್ಟ. ಎಷ್ಟೋ ವರ್ಷಗಳ ರೂಢಿ, ಒಮ್ಮೊಮ್ಮೆ ಬೆರಳು ಲೈಟಿನ ಕಡೆಗೇ ಹೋಗಿ ಅರ್ಧದಲ್ಲಿ ನಿಲ್ಲುತ್ತಿತ್ತು. ಆಗ ನಾನು ಕಾಣದವಳಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಮುಂದೆ ನನಗೆ ಲೈಸೆನ್ಸ್ ಸಿಕ್ಕಿತು. ಮೊದಲ ದಿನ ಆಫೀಸಿಗೆ ಆಕೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಹೆದ್ದಾರಿಗೆ ಸೇರಿ ಎಡಗಡೆಯ ವೇಗದ ಲೇನಿಗೆ ಬರುತ್ತಿದ್ದಂತೆ ಬಿಳಿಯ ದೊಡ್ಡ ಕಾರೊಂದು ಬೆನ್ನಿಗೇ ಬಂದು ಲೈಟ್ ಹೊಡೆಯತೊಡಗಿತು. ಏನು ಮಾಡಲಿ ಎಂದು ಆಕೆಯನ್ನು ಕೇಳಿದೆ.

"ಅವರಿಗೆ ಏನೋ ಅವಸರವಿರಬೇಕು" ಎಂದರು ಆಕೆ. "ಕನ್ನಡಿ ನೋಡಿ, ನಿಧಾನವಾಗಿ ಬಲಕ್ಕೆ ಹೋಗಿ."

ಹೋದೆ. ಆ ಕಾರು ನಮ್ಮನ್ನು ದಾಟಿ ಹೋಯಿತು. ಅದನ್ನು ಓಡಿಸುತ್ತಿದ್ದವರ ಮೇಲೆ ಅವತ್ತು ನನಗೆ ಯಾಕೋ ಸಿಟ್ಟು ಬರಲಿಲ್ಲ.