ಅಜ್ಜಿಗಾಗಿ ಊದಿದ ಗುಡ್ಡ

ಆಗೆಲ್ಲ ಪಲ್ಲಾವರಂನ ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ಗುಡ್ಡ ಕಾಣುತ್ತಿತ್ತು. ದಾರಿ ತಪ್ಪಿದ ಮಕ್ಕಳಿಗೆ ದಿಕ್ಕು ತೋರಿಸುವಂಥದ್ದು ಒಂದು ನಿಮ್ಮೂರಲ್ಲೂ ಇದ್ದಿರಬೇಕು. ಅಪ್ಪ ಎಗ್ಮೋರಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ನನಗೆ ಹದಿಮೂರು ವರ್ಷ, ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ಪ್ರಪಂಚದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿ ಇಳಿದು ಬಂದರೆ ಅಜ್ಜಿ ಜಗಲಿಯಲ್ಲೇ ಹಿಡಿಯುತ್ತಿದ್ದರು. ಮೈಸೂರು ಬಿಟ್ಟು ನಮ್ಮ ಜೊತೆ ಬಂದು ಆರು ವರ್ಷವಾಗಿತ್ತು. ಮಂಡಿನೋವಿನಿಂದಾಗಿ ಒಂದು ಸಲವೂ ಮೇಲೆ ಹೋಗಿರಲಿಲ್ಲ.

"ಮೇಲೆ ಏನೇ ಕಾಣತ್ತೆ?"

"ಚುಮ್ಮಾ ಕಲ್ಲು ಅಜ್ಜಿ. ಆ ಕಡೆ ಒಂದು ಏರಿ, ಪನೆಮರ, ಗಾಳಿ."

"ತಮಿಳು ಬೇಡ, ಕೆರೆ ಅನ್ನು, ತಾಳೆಮರ ಅನ್ನು. ಇಷ್ಟು ನೋಡೋಕೆ ಏದುಸಿರು ಬಿಟ್ಕೊಂಡು ಹತ್ತಿದ್ಯಾ?"

ಅಷ್ಟು ಹೇಳಿ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಮಾತಲ್ಲಿ ಹೇಳಲು ಬಾರದಿದ್ದರೆ ಬ್ಯಾಂಡಿನಲ್ಲಿ ಹೇಳುತ್ತೇನೆ ಎಂದು ಹಟ ಹಿಡಿದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಅಜ್ಜಿ ಬಂದೇ ಬರುತ್ತಾರೆ. ಕುರ್ಚಿಯಲ್ಲಿ ಕೂತಲ್ಲೇ ಅವರನ್ನು ಗುಡ್ಡ ಹತ್ತಿಸಬೇಕು!

ಮೂರು ಭಾನುವಾರ ಬಂಡೆಯ ಮೇಲೆ ಕೂತು ಹಾಡು ಕಟ್ಟಿ ಬರೆದೆ. ಕಾದ ಕಲ್ಲಿನ ವಾಸನೆ, ಒಣಹುಲ್ಲಿನ ವಾಸನೆ, ಡಬ್ಬಿಯಲ್ಲಿ ಮೊಸರನ್ನ. ಹತ್ತುವ ಹೆಜ್ಜೆಗೆ ದೊಡ್ಡ ಡ್ರಮ್ಮು, ತಾಳೆಗರಿಯ ಗಾಳಿಗೆ ಕ್ಲಾರಿನೆಟ್ಟು, ಕೆರೆಯಿಂದ ಏಳುವ ಬೆಳ್ಳಕ್ಕಿಗಳಿಗೆ ಫ್ಲೂಟು, ತುದಿ ಮುಟ್ಟಿದಾಗ ಎಲ್ಲ ವಾದ್ಯಗಳೂ ಒಟ್ಟಿಗೆ. ಅಜ್ಜಿ ಕಲಿಸಿದ ಸರಿಗಮದಲ್ಲಿ ಯೋಚಿಸಿ, ಬ್ಯಾಂಡಿನವರು ಸ್ವರ ಬರೆಯುವ ಐದು ಗೆರೆಗಳ ಮೇಲೆ ಇಳಿಸಿ, ಹದಿನಾಲ್ಕು ಮಂದಿಗೂ ಹಂಚಿದೆ. ಸ ಅಂದರೆ ಎಲ್ಲರಿಗೂ ಒಂದೇ ಸ ತಾನೆ?

ಡೇನಿಯಲ್ ಮಾಸ್ಟರ್ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ನಮಗೆ ಕಲಿಸುತ್ತಿದ್ದವರು. ಅವರು ಕೋಲೆತ್ತಿದರು, ನಾವು ಊದಿದೆವು. ಅಯ್ಯೋ ರಾಮ! ಶುಕ್ರವಾರದ ಸಂತೆಯಲ್ಲಿ ಮೇಕೆಗಳೆಲ್ಲ ಒಟ್ಟಿಗೆ ಅರಚಿದ ಹಾಗಾಯಿತು.

"ಎನ್ನಮ್ಮಾ ಇದು?" ಎಂದರು ಮಾಸ್ಟರ್. ಒಂದೊಂದು ವಾದ್ಯದ ಸ ಒಂದೊಂದು ಜಾಗದಲ್ಲಿರುತ್ತದೆ, ಎಲ್ಲಿ ಅಂತ ನೀನೇ ಹುಡುಕು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಹಳೆಯ ಮಾರ್ಚನ್ನೇ ಬಾರಿಸುತ್ತೇವೆ ಎಂದು ತಮಿಳಿನಲ್ಲೇ ಹೇಳಿ ಛತ್ರಿ ತೆಗೆದುಕೊಂಡು ಹೊರಟರು.

ಅಡುಗೆಮನೆಯಲ್ಲಿ ಅಜ್ಜಿಯ ಮುಂದೆ ಕೂತು ನಡೆದದ್ದನ್ನು ಹೇಳಿ ಗೊಳೋ ಎಂದು ಅತ್ತೆ. ಯಾರಿಗಾಗಿ ಬರೆದೆನೆಂದು ಮಾತ್ರ ಬಾಯಿ ಬಿಡಲಿಲ್ಲ.

"ಇದಕ್ಕೆಲ್ಲ ಅಳ್ತಾರೇನೇ, ಪೆದ್ದಿ!" ಎಂದರು ಅಜ್ಜಿ. "ನಿಮ್ಮಪ್ಪನ ಶ್ರುತಿಗೆ ನಾನು ಹಾಡೋಕಾಗತ್ತಾ? ನಿಮ್ಮ ಊದುಗೊಳವೆಗಳಿಗೂ ಹಂಗೇ. ನಾಳೆ ಕರ್ಕೊಂಡ್ ಬಾ ನಿನ್ನ ಪಟಾಲಮ್ಮನ್ನ."

ಮಾರನೇ ದಿನ ಸಂಜೆ ನಮ್ಮ ಅಂಗಳದ ತುಂಬ ಬ್ಯಾಂಡು. ಅಜ್ಜಿ ಹಾರ್ಮೋನಿಯಂ ಮುಂದೆ ಕೂತು ಒಬ್ಬೊಬ್ಬರನ್ನೇ ಕರೆದು, "ಎಲ್ಲಿ, ಸ ಊದು ಕಂದ" ಅನ್ನುವುದು, ಕರಿ-ಬಿಳಿ ಮನೆಗಳನ್ನು ಒತ್ತಿ ನೋಡುವುದು, ಕೈಗೊಂದು ಕೋಡುಬಳೆ ಕೊಡುವುದು. ಫ್ಲೂಟಿನ ಸ ಹಾರ್ಮೋನಿಯಂ ಜೊತೆ ಸರಿಯಾಗಿ ಕೂತಿತು. ಕ್ಲಾರಿನೆಟ್ಟು, ಟ್ರಂಪೆಟ್ಟುಗಳದ್ದು ಎರಡು ಮನೆ ಕೆಳಗೆ, ಸ್ಯಾಕ್ಸೊಫೋನಿನದು ಇನ್ನೂ ಕೆಳಗೆ. ಅಂದರೆ ನನಗೆ ಸ ಬೇಕಾದ ಕಡೆ ಕ್ಲಾರಿನೆಟ್ಟಿಗೆ ರಿ ಬರೆಯಬೇಕು! ಹಾಡನ್ನು ಮಾತ್ರ ಯಾರೂ ಊದಕೂಡದೆಂದು ಎಲ್ಲರಿಗೂ ಕಣ್ಣು ಬಿಟ್ಟು ಹೆದರಿಸಿದ್ದೆ. ಅಜ್ಜಿಗೆ ಕೇಳಿಸಿದ್ದು ಬಿಡಿ ಬಿಡಿ ಸ ಅಷ್ಟೇ. ಮೂರು ದಿನ ಕೂತು ಎಲ್ಲವನ್ನೂ ಮತ್ತೆ ಬರೆದೆ. ಶುಕ್ರವಾರ ಮಾಸ್ಟರ್ ಕಣ್ಣು ಮುಚ್ಚಿ ಕೇಳಿ, "ಸರಿ, ಇದೇ ಇರಲಿ" ಎಂದರು.

ವಾರ್ಷಿಕೋತ್ಸವದ ದಿನ ಅಜ್ಜಿ ಮುಂದಿನ ಸಾಲಿನಲ್ಲಿದ್ದರು. ನನ್ನ ಕಣ್ಣು ಮಾಸ್ಟರ ಕೋಲಿನ ಮೇಲಿರಬೇಕಿತ್ತು, ಅಜ್ಜಿಯ ಮೇಲಿತ್ತು. ಡ್ರಮ್ಮಿನ ಹೆಜ್ಜೆ ಶುರುವಾದಾಗ ಅವರು ಮಂಡಿಯ ಮೇಲೆ ಕೈ ಊರಿದರು. ತುದಿ ಮುಟ್ಟಿದಾಗ ಬೆನ್ನು ನೆಟ್ಟಗೆ ಮಾಡಿ ದೂರಕ್ಕೆ ನೋಡಿದರು. ಅವರನ್ನೇ ನೋಡುತ್ತ ಕೊನೆಯ ಎರಡು ಸ್ವರ ಊದುವುದನ್ನೇ ಮರೆತೆ.

"ಗುಡ್ಡ ತಾನೆ ಅದು?" ಎಂದರು ಅಜ್ಜಿ ಮನೆಗೆ ಬರುವಾಗ. "ಗಾಳಿ ಜಾಸ್ತಿ ಕಣೇ, ಸೆರಗು ಹಿಡ್ಕೊಂಡೆ. ಬೆಳ್ಳಕ್ಕಿ ಎದ್ದಾಗ ಕೆರೆ ಚೆನ್ನಾಗಿ ಕಾಣ್ತು."

ಬೆಳ್ಳಕ್ಕಿಯ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಈಚೆಗೆ ಗುಡ್ಡ ಹತ್ತಿದೆ. ನನ್ನ ಮಂಡಿ ಇನ್ನೂ ಗಟ್ಟಿಯಾಗಿದೆ. ಗುಡ್ಡದ ಒಂದು ಪಕ್ಕವನ್ನು ಕಲ್ಲಿಗಾಗಿ ಕೊರೆದು ಹಾಕಿದ್ದಾರೆ. ಕೆರೆಯ ಮುಕ್ಕಾಲು ಭಾಗ ಮನೆಗಳಾಗಿವೆ. ತಾಳೆಮರ ಒಂದೂ ಉಳಿದಿಲ್ಲ, ಬೆಳ್ಳಕ್ಕಿಯೂ ಕಾಣಲಿಲ್ಲ. ಹತ್ತಲಾರದ ಅಜ್ಜಿಗೆಂದು ಬರೆದದ್ದನ್ನು ಗುಡ್ಡದ ತುದಿಯಲ್ಲೇ ನಿಂತು ನನಗಾಗಿ ಗುನುಗಿಕೊಂಡೆ.